ಎಡಗಣ್ಣಿನ ಕೆಳಗೆ

ಬಾಪೂಜಿ ನಗರ

ಮುರಳೀಕೃಷ್ಣ ಸಾರ್ ಅವರಿಗೆ ನಮಸ್ಕಾರ.

ಅಮ್ಮ ತೀರಿಕೊಂಡ ಮೇಲೆ ಅವಳ ತವರಿನಲ್ಲಿದ್ದೇನೆ, ಅಜ್ಜಿಯ ಜೊತೆ. ಹನ್ನೆರಡನೇ ತರಗತಿಯ ಪ್ರಾಕ್ಟಿಕಲ್‌ಗೆಂದು ಅಮ್ಮನನ್ನು ಕೂರಿಸಿಕೊಂಡು ಬರೆದ ಎರಡು ಪೆನ್ಸಿಲ್ ಚಿತ್ರಗಳು ನಿಮ್ಮ ಬೀರುವಿನಲ್ಲಿವೆ. ಮೊದಲನೆಯದನ್ನು ನೋಡಿ ನೀವು, "ಎಡಗಣ್ಣಿನ ಕೆಳಗೆ ಯಾಕಮ್ಮ ಇಷ್ಟು ಶೇಡಿಂಗ್? ಬೆಳಕೇ ಆ ಕಡೆಯಿಂದ ಬರ್ತಿದೆ, ಅಲ್ಲಿ ನೆರಳು ಹೇಗೆ ಬೀಳುತ್ತೆ?" ಎಂದಿರಿ. ಎರಡನೆಯದರಲ್ಲಿ ಆ ಕಪ್ಪನ್ನು ಬಿಟ್ಟು ಬರೆದೆ. ಪೂರ್ಣ ಅಂಕ ಬಂತು.

ಹಾರ ಹಾಕಲು ಆ ಎರಡನೆಯದು ಬೇಕೆಂದು ಅಪ್ಪ ಬರಬಹುದು. ಕೊಟ್ಟುಬಿಡಿ. ಮೊದಲನೆಯದನ್ನು ಮಾತ್ರ ತೋರಿಸಬೇಡಿ. ಸೋಮವಾರ ನಾನೂ ಅಜ್ಜಿಯೂ ಬಂದು ಅದನ್ನು ಪೊಲೀಸ್ ಸ್ಟೇಷನ್‌ಗೆ ಒಯ್ಯುತ್ತೇವೆ.

ಬೆಳಕು ನೀವು ಹೇಳಿದ ಕಡೆಯಿಂದಲೇ ಬರುತ್ತಿತ್ತು ಸಾರ್. ನಾನು ಬರೆದದ್ದು ನೆರಳಲ್ಲ.

ನಿಮ್ಮ ವಿದ್ಯಾರ್ಥಿನಿ,
ಸ್ಪಂದನ