ಎಂಟೂವರೆಯ ಮಾವನನ್ನು ನಂಬಬೇಡ

ಸೊಸೆ ಮಹಾತಾಯಿ,

ಮೂವತ್ತೆಂಟು ವರ್ಷ ಅಂಚೆಚೀಲ ಹೊತ್ತು, ಒಂದೇ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕದ ನಿನ್ನ ಮಾವ ಹಳೇ ಪೋಸ್ಟ್‌ಮನ್‌ಗಳ ಪಾರ್ಟಿಗೆ ಹೊರಟಿದ್ದಾನೆ. ಅವನು ಹೋಗದೆ ಅಲ್ಲಿ ಒಂದು ಬಾಟಲಿಯೂ ಬಾಯಿ ತೆರೆಯುವುದಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ಬೆಕ್ಕಿಗೆ ಊಟವಾಗಿದೆ, ಆಗಿಲ್ಲವೆಂದು ನಾಟಕವಾಡುತ್ತದೆ. ಮೊಮ್ಮಗಳ ಗಣಿತದ ಹೋಂವರ್ಕ್ ನಾನೇ ಮಾಡಿಸಿದ್ದೇನೆ, ಆದ್ದರಿಂದ ನೀನು ಇನ್ನೊಮ್ಮೆ ನೋಡು.

ಈಗ ಮುಖ್ಯ ವಿಷಯ. ಒಂಬತ್ತಕ್ಕೆ ಸರಿಯಾಗಿ ಕಾರು ತೆಗೆದುಕೊಂಡು ಕ್ಲಬ್ಬಿನ ಬಾಗಿಲಿಗೆ ಬಾ. ಎಂಟೂವರೆಗೆ ನಿನ್ನ ಮಾವ ಫೋನ್ ಮಾಡಿ, "ನೀನ್ಯಾಕಮ್ಮ ಬರ್ತೀಯಾ, ರೈಲು ಹಳಿ ದಾಟಿದ್ರೆ ಮನೆ, ನಡ್ಕೊಂಡೇ ಬಂದ್ಬಿಡ್ತೀನಿ" ಎನ್ನುತ್ತಾನೆ. ದನಿ ಬೆಣ್ಣೆಯ ಹಾಗಿರುತ್ತದೆ. ನಂಬಬೇಡ. ಹೋದ ಸಲ ರೈಲೇ ತನಗೆ ದಾರಿ ಬಿಟ್ಟು ನಿಂತಿತೆಂದು ಊರೆಲ್ಲ ಸಾರಿದವನು ಅವನೇ. ನಿಜ ಹೇಳಲೇ? ರೈಲ್ವೆ ಗೇಟಿನವನು ಕಾಲರ್ ಹಿಡಿದು ಈಚೆಗೆ ಎಳೆದದ್ದರಿಂದ ಉಳಿದ. ಆ ಹರಿದ ಕಾಲರನ್ನು ನೀನು ಒಂದು ಮಾತೂ ಕೇಳದೆ ಹೊಲಿದುಕೊಟ್ಟೆ. ಅದಕ್ಕೇ ನಿನಗೊಬ್ಬಳಿಗೆ ಹೇಳುತ್ತಿದ್ದೇನೆ. ನಿನ್ನ ಗಂಡನಿಗೆ ರೈಲು ನಿಂತ ಕತೆಯೇ ಇರಲಿ.

ಕಾರು ಹತ್ತುವುದಿಲ್ಲವೆಂದು ಹಟ ಹಿಡಿದರೆ ಬೈಯಲು ಹೋಗಬೇಡ, ಈ ಚೀಟಿಯನ್ನು ಅವನ ಕೈಗಿಡು. ಆ ಹೊತ್ತಿನಲ್ಲಿ ಅವನು ದೇವರೇ ಬಂದು ಹೇಳಿದರೂ ಕೇಳುವವನಲ್ಲ. ನನ್ನ ಕೈಬರಹಕ್ಕೆ ಮಾತ್ರ ಮರ್ಯಾದೆ ಕೊಡುತ್ತಾನೆ.

ಸದ್ಯಕ್ಕೆ ನೆಟ್ಟಗೆ ನಿಂತಿರುವ,
ಮಾವ