ಆರು ತಾಸಿನ ನಿದ್ದೆ

ಕುಷಾಯಿಗೂಡ, ಹೈದರಾಬಾದ್
೨೦ ಆಗಸ್ಟ್ ೨೦೨೫

ಪ್ರೀತಿಯ ಗದಿಗೆಮ್ಮ,

ನೀನೂ ಮಗಳು ಶೈಲಾಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಪಂಚಮಿಗೆ ನೀನು ಕಳಿಸಿದ ಕಡಕ್ ರೊಟ್ಟಿಯ ಗಂಟು ಮುಟ್ಟಿತು. ಹಬ್ಬವಿಲ್ಲದ ವರ್ಷದಲ್ಲೂ ನನ್ನನ್ನು ಮರೆಯಲಿಲ್ಲ ನೀನು.

ಯುಗಾದಿಯ ಮರುವಾರ ನೀನು ಕೇಳಿದ ಮಾತಿಗೆ ಉತ್ತರ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಕೆಲಸವಿತ್ತು ಎಂದರೆ ನೀನು ನಂಬುವವಳಲ್ಲ, ಎರಡನೇ ಇಯತ್ತೆಯಿಂದ ನನ್ನ ಸುಳ್ಳು ಹಿಡಿದವಳು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬೇರೆ ಮಾತು ಎತ್ತಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಸಂಕ್ರಾಂತಿಯ ಹೊತ್ತಿಗೆ ಸಿಮೆಂಟ್ ಲಾರಿ ಸೇತುವೆಯ ಗೋಡೆಗೆ ಗುದ್ದಿ ಭೀಮಾಶಂಕರಣ್ಣ ಹೋದರು. ಆಮೇಲೆ ನೀನು ನನ್ನನ್ನು ಕೇಳಿದ್ದು ಒಂದೇ: “ದಿನಾ ಆರು ತಾಸು ನಿದ್ದಿ ಆಗ್ತಿತ್ತು, ಸರ್ಕಾರದ ಕಾಗದದಾಗ ಐತಿ, ಅಂದ್ರ ಕುಡದ ಗಾಡಿ ಹೊಡದಾನ ಅಂತ ಮಾಲಕ ಊರಾಗೆಲ್ಲಾ ಹೇಳಾಕತ್ತಾನ. ನನ್ನ ಗಂಡ ಕುಡದಿದ್ನೇನು? ಖರೇ ನೀನರ ಹೇಳು.”

ಮೊದಲು ನಮ್ಮ ಕಚೇರಿಯ ಸುದ್ದಿ. ದೇಶದ ಸರಕನ್ನೆಲ್ಲ ಲಾರಿಗಳ ಮೇಲೇ ಹೇರದೆ, ದೂರದ ದಾರಿ ರೈಲಿಗೆ, ಕೊನೆಯ ತುಣುಕು ಮಾತ್ರ ಲಾರಿಗೆ ಎಂದು ಹಂಚುವ ಯೋಜನೆ ನಮ್ಮದು. ಹೊಗೆ ಕಡಿಮೆ, ಚಾಲಕರು ಸಂಜೆಗೆ ಮನೆ ಸೇರುತ್ತಾರೆ. ಮುಂದಿನ ತಿಂಗಳಿಂದ, ಅಣ್ಣ ಸಾಗಿಸುತ್ತಿದ್ದ ಸೇಡಂ ಕಡೆಯ ಸಿಮೆಂಟೂ ರೈಲಿನಲ್ಲಿ ಬರುತ್ತದೆ. ಸಾಹೇಬರು ಪೇಢೆ ಹಂಚಿದರು, ನನ್ನದನ್ನು ಪಕ್ಕದ ಮೇಜಿನವರಿಗೆ ಕೊಟ್ಟುಬಿಟ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಯಾವ ದಾರಿಗೆ ರೈಲು ಮೊದಲು ಎಂದು ತೀರ್ಮಾನಿಸಿದ್ದು ಚಾಲಕರ ದಣಿವು ನೋಡಿ. ಸೇಡಂ ದಾರಿಯವರಿಗೆ ನಿದ್ದೆ ಸಾಕಷ್ಟಿದೆ ಎಂದು ಅದನ್ನು ಎರಡು ವರ್ಷ ಮುಂದೂಡಿದರು.

ಆ ದಣಿವಿನ ಸಮೀಕ್ಷೆಗೆ ನಾನೇ ಹೋಗಿದ್ದೆ, ಮೂರು ವರ್ಷದ ಕೆಳಗೆ. ತಾಂಡೂರಿನ ಹತ್ತಿರ ಢಾಬಾದಲ್ಲಿ ಅಣ್ಣ ಸಿಕ್ಕಿದ್ದರು. ನೀನು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಅರ್ಧ ನನ್ನ ಮುಂದಿಟ್ಟು, ನಾನು ತಿಂದು ಮುಗಿಸುವ ತನಕ ಏಳಲಿಲ್ಲ. ಅವರ ಕಣ್ಣು ಕೆಂಪಗಿದ್ದವು.

ಶೈಲಾಳಿಗೆ ನನ್ನ ಆಶೀರ್ವಾದ, ಓದು ಬಿಡದಿರಲಿ. ನಿನ್ನ ಮನೆಯ ಒಲೆ ತಣ್ಣಗಾಗದಿರಲಿ.

ನಿನ್ನ
ಪ್ರಫುಲ್ಲಾ

ತಾ.ಕ.: ಮಾಲಕ ಹೇಳುವ ಆ ಕಾಗದ ನಾನು ಬರೆದದ್ದು. ಎಷ್ಟು ತಾಸು ಮಲಗುತ್ತೀರಿ ಎಂದು ಕೇಳಿದೆ. “ಎರಡ ತಾಸು, ತಂಗಿ. ಆದ್ರ ಆರು ಅಂತ ಬರಿ. ಖರೇ ಬರದ್ರ ಮಾಲಕ ನನ್ನ ಗಾಡಿ ಕಸಗೋತಾನ,” ಅಂದರು ಅಣ್ಣ. ಅವರ ಕೆಲಸ ಉಳಿಯಲೆಂದು ಆರು ಬರೆದೆ. ಉಳಿದ ಚಾಲಕರೂ ಹಾಗೇ ಬೇಡಿಕೊಂಡರು, ಎಲ್ಲರಿಗೂ ಆರೇ ಬರೆದೆ. ನಿನ್ನೆ ಈ ನಿಜವನ್ನೆಲ್ಲ ಬರೆದು, ಸಹಿ ಮಾಡಿ ಕಚೇರಿಗೆ ಕೊಟ್ಟಿದ್ದೇನೆ. ಪ್ರತಿ ಜೊತೆಗಿದೆ, ಊರವರ ಮುಂದೆ ಓದಿಸು. ಅವರು ಕುಡಿಯುವವರಲ್ಲ ಎಂದು ನಿನಗೆ ಗೊತ್ತು. ನಿದ್ದೆಯಿಲ್ಲದೆ ಓಡಿಸುತ್ತಿದ್ದರೆಂದು ನನಗೆ ಗೊತ್ತಿತ್ತು.

ರೊಟ್ಟಿಯ ಗಂಟು ಇನ್ನೂ ಬಿಚ್ಚಿಲ್ಲ. ಇದನ್ನು ಓದಿದ ಮೇಲೂ ನೀನು ಉಣ್ಣು ಎಂದರೆ ಬಿಚ್ಚುತ್ತೇನೆ.