ಹರಗೋಲಿನ ಎತ್ತರದ ಬಾಗಿಲು

೧೪ ಮೇ ೧೯೮೭, ಗುರುವಾರ

ಹರಗೋಲು ಅಂಗಳದಲ್ಲಿ ಬಿದ್ದಿದೆ. ಒಳಗೆ ತರುವಷ್ಟು ಬಾಗಿಲು ಉಳಿದಿಲ್ಲ.

ಊರಿನ ಬೇರೆ ಮನೆಗಳಿಗೆ ತಲೆ ಬಗ್ಗಿಸಿ ಹೋಗಬೇಕು. ಮೀನು ಹಿಡಿಯುವ ನಮ್ಮ ಓಣಿಯಲ್ಲಿ ಹಾಗಿಲ್ಲ. ಮೊದಲು ಬಿದಿರಿನ ದುಂಡನೆಯ ಹರಗೋಲು ಹೆಣೆದು, ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಎತ್ತರಕ್ಕೆ ಬಾಗಿಲು ಇಡುತ್ತಿದ್ದರು. ಸಂಜೆ ಗಾಲಿಯಂತೆ ಉರುಳಿಸಿಕೊಂಡು ಒಳಗೆ ಬರುವುದು. ಅಪ್ಪನೂ ಹಾಗೇ ಇಟ್ಟಿದ್ದ.

ಇವತ್ತು ಕೃಷ್ಣೆಯಿಂದ ಬಂದು ನೋಡಿದರೆ, ಸುರಪುರದ ಗೌಂಡಿ ಬಾಗಿಲಿನ ಮೇಲ್ಭಾಗವನ್ನು ಕಲ್ಲು ಮಣ್ಣಿನಿಂದ ಮುಚ್ಚಿ ಹೋಗಿದ್ದಾನೆ. ತಮ್ಮ ಸಾಬಣ್ಣ ಕೈ ತೊಳೆಯುತ್ತಿದ್ದ.

"ಕಾಲುವಿ ಬಂದದ. ಇನ್ನ ಒಕ್ಕಲುತನ ಮಾಡಾವರು ನಾವು. ಹೊಳಿ ಯಾರಿಗಿ ಬೇಕಣ್ಣ?"

ಹೆಂಡತಿ ಬಾಲಮ್ಮನ ಮುಖ ನೋಡಿದೆ.

"ನನಗ ಗೊತ್ತಿತ್ರಿ. ನೀವು ಬ್ಯಾಡಂತೀರಂತ ಹೇಳಲಿಲ್ಲ," ಅಂದಳು.

ಕೂಗಾಡಿದೆ, ಊಟ ಬಿಟ್ಟೆ. ಈಗ ಸುಡುತ್ತಿರುವುದು ಅದಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಬೇಕು, ತುಳಿಯಲು ಬಾ ಎಂದು ನಿನ್ನೆ ಸಾಬಣ್ಣನೇ ಕರೆದಿದ್ದ. ಇವತ್ತು ಬಾಗಿಲಿಗೆ ಮೆತ್ತಿದ್ದು ಅದೇ ಮಣ್ಣು; ಮಧ್ಯಾಹ್ನವೆಲ್ಲ ಹಾಡಿಕೊಂಡು ಅದನ್ನು ತುಳಿದವನು ನಾನು. ಕಾಲುಗುರಿನ ಸಂದಿಯಿಂದ ಅದು ಇನ್ನೂ ಹೋಗಿಲ್ಲ.